ಎಣಿಸದೆ ಕಂಡ ಮೂರು

ಕಳೆದ ದಸರೆಯ ರಜೆಯಲ್ಲಿ ನಡೆದ ಮಾತು. ನಡುಮನೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಮೊಮ್ಮಗಳೊಡನೆ ಆಟಕ್ಕೆ ಕುಳಿತಿದ್ದೆ. ಅವಳಿಗೆ ನಾಲ್ಕು ವರ್ಷ. ನಾಲ್ಕು ಕವಡೆಗಳನ್ನು ಎಸೆದಳು, ಅವು ಉರುಳಿ ನಿಲ್ಲುತ್ತಿದ್ದಂತೆಯೇ "ಮೂರು!" ಎಂದು ಕೂಗಿ ಕಾಯಿಗೆ ಕೈ ಹಾಕಿದಳು. ಆಯುಷ್ಯವೆಲ್ಲ ಲೆಕ್ಕಪತ್ರದಲ್ಲಿ ಕಳೆದ ನನಗೆ ಈ ಅವಸರ ಸರಿಬೀಳಲಿಲ್ಲ. "ಊಹೆ ಮಾಡಬಾರದು ಪುಟ್ಟಿ, ಬೆರಳಿಟ್ಟು ಎಣಿಸು" ಎಂದು ಗದರಿದೆ. ಅವಳು ಒಂದೊಂದನ್ನೇ ಮುಟ್ಟಿ, ಬೋರಲು ಬಿದ್ದಿದ್ದುದನ್ನೂ ಸೇರಿಸಿಕೊಂಡು, "ನಾಲ್ಕು" ಎಂದಳು. ಅಂಗಾತ ಬಿದ್ದಿದ್ದವು ಮೂರೇ. ಸರಿಯಾಗಿ ಹೇಳಿದ್ದ ಮಗುವನ್ನು ತಪ್ಪಿಗೆ ಎಳೆದವನು ನಾನು! "ಆಗ್ಲೇ ಮೂರು ಕಾಣಿಸಿತ್ತು ತಾತ" ಎಂದು ಅವಳು ಕಣ್ಣು ತುಂಬಿಕೊಂಡಳು.

'ಕಾಣಿಸಿತ್ತು' ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ಎಣಿಕೆಗೆ ಮೊದಲೇ ಸಂಖ್ಯೆ ಕಣ್ಣಿಗೆ ಕಾಣುವುದುಂಟೆ? ಪುಸ್ತಕಗಳನ್ನು ತಿರುವಿದಾಗ ಈ ಪ್ರಶ್ನೆಗೂ ಒಂದು ಚರಿತ್ರೆಯಿದೆಯೆಂದು ತಿಳಿಯಿತು.

1871ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 'ನೇಚರ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನವನ್ನು ಪ್ರಕಟಿಸಿದರು. ಅವರ ಸಲಕರಣೆಗಳನ್ನು ಕೇಳಿದರೆ ಓದುಗರು ನಗಬಹುದು: ಒಂದು ಹರಿವಾಣ, ಅದರ ನಡುವೆ ಒಂದು ಕಾಗದದ ಡಬ್ಬಿ, ಒಂದಿಷ್ಟು ಕರಿಯ ಕಾಳು. ಕಾಳನ್ನು ಹಿಡಿಯಲ್ಲಿ ತೆಗೆದುಕೊಂಡು ಡಬ್ಬಿಯತ್ತ ಎಸೆಯುವುದು. ಒಳಗೆ ಬಿದ್ದವು ಎಷ್ಟೆಂದು ನೋಡಿದೊಡನೆ ಹೇಳುವುದು. ಆಮೇಲೆ ಎಣಿಸಿ ಎರಡನ್ನೂ ಬರೆದಿಡುವುದು. ಹೀಗೆ ಆ ವಿದ್ವಾಂಸರು 1,027 ಸಲ ಕಾಳೆಸೆದರು! ಮೂರು, ನಾಲ್ಕು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಕ್ಕೆ ಬಂದಾಗ ಆಗೊಮ್ಮೆ ಈಗೊಮ್ಮೆ ತಪ್ಪಿತು. ಹತ್ತರ ಹೊತ್ತಿಗೆ ತಪ್ಪುಗಳೇ ಹೆಚ್ಚಾದವು. ಒಂದೇ ನೋಟಕ್ಕೆ ಸಂದೇಹವಿಲ್ಲದೆ ದಕ್ಕುವ ಸಂಖ್ಯೆಗೆ ಒಂದು ಗಡಿಯಿದೆ. ಅದು ನಾಲ್ಕರ ಆಸುಪಾಸಿನಲ್ಲಿದೆ.

1949ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕೌಫ್‌ಮನ್ ಮತ್ತು ಅವರ ಮೂವರು ಸಂಗಡಿಗರು ಈ ಶಕ್ತಿಗೆ 'ಸಬಿಟೈಸಿಂಗ್' ಎಂದು ಹೆಸರಿಟ್ಟರು. 'ಥಟ್ಟನೆ' ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ ಪದವದು. ಮುಂದೆ 1980ರಲ್ಲಿ ಸ್ಟಾರ್ಕಿ ಮತ್ತು ಕೂಪರ್ ಎಂಬಿಬ್ಬರು ಇನ್ನೂ ಮಾತು ಬಾರದ ಕೂಸುಗಳಿಗೆ ಚುಕ್ಕೆಗಳನ್ನು ತೋರಿಸಿದರು. ಒಂದೇ ಸಂಖ್ಯೆಯ ಚುಕ್ಕೆಗಳನ್ನು ನೋಡಿ ನೋಡಿ ಬೇಸತ್ತ ಕೂಸು, ಎರಡಿದ್ದುದು ಮೂರಾದಾಗ ಮತ್ತೆ ಕಣ್ಣರಳಿಸಿ ಹೆಚ್ಚು ಹೊತ್ತು ನೋಡಿತು. ನಾಲ್ಕಿದ್ದುದು ಆರಾದಾಗ ಹಾಗೆ ನೋಡಲಿಲ್ಲ. 'ಒಂದು, ಎರಡು' ಎಂದು ನಾವು ಬಾಯಿಪಾಠ ಮಾಡಿಸುವುದಕ್ಕೆ ಬಹಳ ಮೊದಲೇ ಮಗುವಿನ ಕಣ್ಣು ತನ್ನ ಪಾಠವನ್ನು ಆರಂಭಿಸಿರುತ್ತದೆ.

ನಮ್ಮ ಪ್ರಾಚೀನರ ಬರವಣಿಗೆಯೂ ಇದಕ್ಕೆ ಸಾಕ್ಷಿ ನುಡಿಯುವಂತಿದೆ. ಬ್ರಾಹ್ಮೀ ಲಿಪಿಯಲ್ಲಿ ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು. ನಾಲ್ಕಕ್ಕೆ ಮಾತ್ರ ಗೆರೆಗಳ ಸಾಲು ನಿಂತು ಬೇರೆಯೇ ಗುರುತು ಬರುತ್ತದೆ. ಆ ಗೆರೆಗಳೇ ಕಾಲಕ್ರಮದಲ್ಲಿ ಬಳುಕಿ, ಒಂದಕ್ಕೊಂದು ಕೂಡಿಕೊಂಡು ನಮ್ಮ ೨ ಮತ್ತು ೩ ಆದವು. ಚೀನೀಯರೂ ಮೂರರವರೆಗೆ ಗೆರೆ ಎಳೆದು, ನಾಲ್ಕಕ್ಕೆ ಬೇರೆ ಅಕ್ಷರವನ್ನು ಬಳಸುತ್ತಾರೆ. ಗೆರೆಗಳು ಹೆಚ್ಚಿದರೆ ಓದುವವನು ನಿಂತು ಎಣಿಸಬೇಕಾಗುತ್ತದೆಯಷ್ಟೆ!

ಹಾಗಾದರೆ ಚೌಕಾಬಾರದ ಕವಡೆ ನಾಲ್ಕೇ ಇರುವುದು ಎಷ್ಟು ಅನುಕೂಲ! ಆಡುವವರಾರೂ ಅವನ್ನು ಬೆರಳಿಟ್ಟು ಎಣಿಸುವುದಿಲ್ಲ. ನಾನೂ ಬಾಲ್ಯದಲ್ಲಿ ಎಣಿಸಿದವನಲ್ಲ, ಅದನ್ನು ಮರೆತಿದ್ದೆ.

ಎಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಐದನ್ನು ದಾಟಿದ ಮೇಲೆ ಅದಿಲ್ಲದೆ ಗತಿಯಿಲ್ಲ. ಆದರೆ ನೂರರವರೆಗೆ ಒಪ್ಪಿಸುವ ಮಗುವೂ 'ಮೂರು ಹುಣಿಸೆಬೀಜ ಕೊಡು' ಎಂದರೆ ಬೊಗಸೆ ತುಂಬ ತರುವುದುಂಟು. ಬಾಯಿಯ ಮೂರು ಕಣ್ಣಿನ ಮೂರನ್ನು ಸೇರಬೇಕು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಎರಡೋ ಮೂರೋ ಬೀಜಗಳನ್ನು ಅಂಗೈಯಿಂದ ಮುಚ್ಚಿ, ಒಂದು ಕ್ಷಣ ತೆರೆದು ತೋರಿಸಿ ಮತ್ತೆ ಮುಚ್ಚಿ, "ಎಷ್ಟಿತ್ತು?" ಎಂದು ಕೇಳಿದರಾಯಿತು. ಒಮ್ಮೆ ಸಾಲಾಗಿ, ಒಮ್ಮೆ ಒಲೆಗುಂಡಿನಂತೆ ಮೂರು ಮೂಲೆಗೆ, ಒಮ್ಮೆ ಚೆಲ್ಲಾಪಿಲ್ಲಿಯಾಗಿ ಇಡಬೇಕು. ಇಲ್ಲವಾದರೆ ಮಗು ಆಕಾರವನ್ನು ಕಲಿತೀತು, ಸಂಖ್ಯೆಯನ್ನಲ್ಲ. ನಾಲ್ಕು ಹಿಡಿತಕ್ಕೆ ಬಂದ ಮೇಲೆ ಮೂರೂ ಎರಡೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಐದು ತಾನೇ ಹೊಳೆಯುತ್ತದೆ. ಕೂಡುವ ಲೆಕ್ಕದ ಬಾಗಿಲೂ ತೆರೆಯುತ್ತದೆ. ಹೇಳಿದ್ದು ತಪ್ಪಾದರೆ ಕೈ ತೆಗೆದು ಇಬ್ಬರೂ ಸೇರಿ ಎಣಿಸಿ ನೋಡಬಹುದು. ಗದರುವ ಕೆಲಸವೇ ಇಲ್ಲ.

ಮರುದಿನ ಮತ್ತೆ ಆಟಕ್ಕೆ ಕರೆದೆ. ಕವಡೆ ಎಸೆದವಳು ಸುಮ್ಮನೆ ನನ್ನ ಮುಖ ನೋಡಿದಳು. ಬೆರಳು ಅರ್ಧಕ್ಕೆ ಎದ್ದು ನಿಂತಿತ್ತು. ಒಂದೇ ದಿನದಲ್ಲಿ ತನ್ನ ಕಣ್ಣನ್ನು ನಂಬದಿರುವುದನ್ನು ಅವಳಿಗೆ ಕಲಿಸಿದ್ದೆ. "ನಿನಗೆ ಕಂಡದ್ದನ್ನು ಹೇಳು ಪುಟ್ಟಿ" ಎಂದೆ. "ಎರಡು" ಎಂದಳು, ಮೆಲ್ಲಗೆ. ಎರಡೇ ಇದ್ದವು. ನಾನು ಎಣಿಸಲಿಲ್ಲ.