ಹೆಸರು ಕಳೆದುಕೊಂಡವಳ ಪುಸ್ತಕ

ಸರಣಿ ಕಾದಂಬರಿಗಳಲ್ಲಿ ಎರಡನೆಯ ಪುಸ್ತಕದ್ದು ನಡುವಿನ ಮಗುವಿನ ಪಾಡು. ಹೊಸ ಲೋಕವೊಂದನ್ನು ತೋರಿಸಿದ ಹೆಮ್ಮೆ ಮೊದಲನೆಯದಕ್ಕೆ ಹೋಗುತ್ತದೆ. ಯುದ್ಧ, ಬೀಳ್ಕೊಡುಗೆ, ಕಣ್ಣೀರು ಎಲ್ಲ ಕೊನೆಯದರ ಪಾಲು. ನಡುವಿನದು ಅಲ್ಲಿಂದಿಲ್ಲಿಗೆ ಸಾಮಾನು ಹೊರುತ್ತದೆ ಅಷ್ಟೆ. ಆದರೆ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1971ರಲ್ಲಿ ಬಂದ ಎರಡನೆಯ ಪುಸ್ತಕ, 'ದಿ ಟೂಂಬ್ಸ್ ಆಫ್ ಅಟುವಾನ್'. ನನ್ನ ಗೆಳೆಯರಲ್ಲಿ ಬಹುಪಾಲು ಜನ ಮೊದಲ ಪುಸ್ತಕದ ಪಕ್ಷ. ಇತಿಹಾಸ ಓದುವವಳಾಗಿ ನಾನು ಯಾಕೆ ಆ ಪಕ್ಷ ಸೇರಲಾರೆ ಎಂಬುದನ್ನು ಇಲ್ಲಿ ಹೇಳಬೇಕು.

ಮೊದಲ ಪುಸ್ತಕ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಹುಟ್ಟಿದ್ದು ಒಬ್ಬ ಪ್ರಕಾಶಕರ ಕೋರಿಕೆಯಿಂದ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಪಾರ್ನಾಸಸ್ ಪ್ರೆಸ್ ಎಂಬ ಸಣ್ಣ ಸಂಸ್ಥೆ ಹದಿಹರೆಯದವರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಕೇಳಿತ್ತು. 1968ರಲ್ಲಿ ಅದು ಹೊರಬಂತು. ಟೋಲ್ಕಿನ್ ಅವರ ಅಗ್ಗದ ಆವೃತ್ತಿಗಳು ಅಮೆರಿಕದ ಕಾಲೇಜು ಹುಡುಗರ ಕೈಯಲ್ಲಿ ಓಡಾಡುತ್ತಿದ್ದ ಕಾಲ ಅದು. ಬಿಳಿಗಡ್ಡದ ಮಾಂತ್ರಿಕರೆಲ್ಲ ಒಂದು ಕಾಲಕ್ಕೆ ಹುಡುಗರಾಗಿರಲೇಬೇಕಲ್ಲ, ವಿದ್ಯೆ ಕಲಿತದ್ದೆಲ್ಲಿ ಎಂಬ ಪ್ರಶ್ನೆಯಿಂದ ಗೆಡ್ ಎಂಬ ಹುಡುಗನ ಕತೆ ಬೆಳೆಯಿತು. ಗೆಡ್‌ನ ಮೈಬಣ್ಣ ಕೆಂಪುಗಂದು. ಅವನ ಊರಿಗೆ ಕತ್ತಿ ಹಿರಿದು ನುಗ್ಗುವ ಕಾರ್ಗ್ ಜನ ಬಿಳಿಯರು. ಆ ವರ್ಷಗಳ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಎಷ್ಟೋ ಆವೃತ್ತಿಗಳ ಮುಖಪುಟಗಳು ಗೆಡ್‌ನನ್ನು ಬಿಳಿಯನನ್ನಾಗಿ ಮಾಡಿದವು. 2004ರ ಟಿವಿ ರೂಪಾಂತರವೂ ಅದನ್ನೇ ಮಾಡಿದಾಗ ಲೆ ಗ್ವಿನ್ ಬಹಿರಂಗವಾಗಿಯೇ ಪ್ರತಿಭಟಿಸಿ ಬರೆದರು.

ಆದರೆ ಆ ಪುಸ್ತಕದಲ್ಲಿ ಕಾರ್ಗ್ ಜನರೆಂದರೆ ದಾಳಿಕೋರರು, ಅಷ್ಟೇ. ಬರುತ್ತಾರೆ, ಸುಡುತ್ತಾರೆ, ಹುಡುಗ ಗೆಡ್ ಎಬ್ಬಿಸಿದ ಮಂಜಿನಲ್ಲಿ ದಾರಿ ತಪ್ಪಿ ಸೋಲುತ್ತಾರೆ. ಅವರ ಊರು ಹೇಗಿದೆ, ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಕೇಳುವ ಪುರುಸೊತ್ತು ಕತೆಗಿಲ್ಲ. ಕೊನೆಯ ಪುಟದಲ್ಲಿ ಮಾತ್ರ, ಗೆಡ್‌ನ ಮುಂದಿನ ಸಾಹಸಗಳನ್ನು ಹೇಳುವಾಗ, ಅಟುವಾನಿನ ಗೋರಿಗಳಿಂದ ಅವನು ಒಂದು ಉಂಗುರ ತಂದ ವಿಷಯ ಹಾದುಹೋಗುತ್ತದೆ. ವೀರಗಾಥೆಯ ಭಾಷೆಯಲ್ಲಿ ಅದು ಬರೀ ಒಂದು ಗೆಲುವು.

ಎರಡನೆಯ ಪುಸ್ತಕ ಆ ಒಂದು ಸಾಲಿನೊಳಗೆ ಇಳಿಯುತ್ತದೆ. ನಾಯಕನ ಜೊತೆ ಅಲ್ಲ, ಶತ್ರುವಿನ ಮನೆಯ ಕಡೆಯಿಂದ. ಒಂದು ಸೇಬಿನ ತೋಟ, ಅಲ್ಲಿ ಓಡಾಡುವ ಟೆನಾರ್ ಎಂಬ ಪುಟ್ಟ ಹುಡುಗಿ. ಬೇಗನೆ ಕಳೆದುಕೊಳ್ಳಲಿರುವ ಮಗುವಿಗೆ ಯಾಕೆ ಮನಸ್ಸು ಕೊಡುತ್ತೀಯೆ ಎಂದು ಗದರುವ ಅಪ್ಪ. ಅಟುವಾನಿನ ಹಿರಿಯ ಪೂಜಾರಿಣಿ ಸತ್ತ ರಾತ್ರಿ ಹುಟ್ಟಿದ ಹೆಣ್ಣುಮಗುವೇ ಅವಳ ಮರುಹುಟ್ಟು ಎಂಬ ನಂಬಿಕೆ. ಹಾಗೆ ಆಯ್ಕೆಯಾದ ಮಗುವನ್ನು ಐದನೆಯ ವಯಸ್ಸಿಗೆ ಕರೆದೊಯ್ದು, ಹೆಸರನ್ನು ಕಿತ್ತುಕೊಂಡು, 'ಅರ್ಹಾ' ಎಂದು ಕರೆಯುತ್ತಾರೆ. ನಮ್ಮ ಕಿವಿಗೆ ಯೋಗ್ಯತೆಯ ಮಾತಿನಂತೆ ಕೇಳುವ ಈ ಹೆಸರಿಗೆ ಅವರ ಭಾಷೆಯಲ್ಲಿ 'ನುಂಗಿಹೋದವಳು' ಎಂದರ್ಥ. ಹನ್ನೆರಡು ಅಧ್ಯಾಯಗಳ ಪುಸ್ತಕದಲ್ಲಿ ಗೆಡ್ ಕಾಣಿಸಿಕೊಳ್ಳುವುದು ಐದನೆಯದರಲ್ಲಿ. ಅದೂ ಬೆಳಕು ನಿಷಿದ್ಧವಾದ ನೆಲಮಾಳಿಗೆಯಲ್ಲಿ ದೀಪ ಹಿಡಿದು ನಿಂತ ಒಬ್ಬ ಕಳ್ಳನಾಗಿ. ಗೆಡ್‌ನ ಜನರಿಗೆ ದೇವರಿಲ್ಲ, ಸತ್ತರೆ ಮರುಹುಟ್ಟೂ ಇಲ್ಲ ಎಂದು ಟೆನಾರ್‌ಗೆ ಕಲಿಸಲಾಗಿದೆ. ಮೊದಲ ಪುಸ್ತಕದುದ್ದಕ್ಕೂ ಅವನ ಜೊತೆ ನಡೆದ ನಾವು ಈಗ ಅವನನ್ನು ಆ ಕಣ್ಣಿನಿಂದ ನೋಡಬೇಕು.

ಇತಿಹಾಸದ ವಿದ್ಯಾರ್ಥಿಗೆ ಈ ಊರಿನ ಗೋಡೆಗಳೇ ಸಾಕು. ಹೆಸರಿಲ್ಲದ ಪುರಾತನ ಶಕ್ತಿಗಳ ಸಿಂಹಾಸನದ ಮಂದಿರ ಪಾಳು ಬೀಳುತ್ತಿದೆ. ಈಚೆಗೆ ತನ್ನನ್ನೇ ದೇವರೆಂದು ಸಾರಿಕೊಂಡ ರಾಜನ ಗುಡಿ ಮಾತ್ರ ಹೊಳೆಯುತ್ತಿದೆ. ಅಧಿಕಾರ ಯಾವ ಕಡೆ ವಾಲಿದೆ ಎಂದು ತಿಳಿಯಲು ಯಾವ ಮಾಡಿನ ರಿಪೇರಿ ಆಗಿದೆ ಎಂದು ನೋಡಿದರಾಯಿತು! ಆ ದೇವರಾಜನ ಪೂಜಾರಿಣಿ ಕೊಸಿಲ್‌ಗೆ ಯಾವ ದೇವರಲ್ಲೂ ನಂಬಿಕೆಯಿಲ್ಲ, ಅಧಿಕಾರದಲ್ಲಿದೆ. ಟೆನಾರಳ ಗೆಳತಿ ಪೆಂಥೆಗಂತೂ ದೇವರಾಜನೂ ಎಲ್ಲರಂತೆ ಕಾಲುಗುರು ಕತ್ತರಿಸಿಕೊಳ್ಳುವ ಮನುಷ್ಯ. ಆ ನಾಡಿನಲ್ಲಿ ಓದುಬರಹವೇ ಮಾಟ, ನಿಷಿದ್ಧ. ಹೀಗಾಗಿ ಚಕ್ರವ್ಯೂಹದ ತಿರುವುಗಳನ್ನು ಹಿರಿಯ ಪೂಜಾರಿಣಿ ಥಾರ್ ಬಾಯಿಮಾತಿನಲ್ಲಿ ಹೇಳಿಕೊಡಬೇಕು, ಟೆನಾರ್ ಕತ್ತಲಲ್ಲಿ ಬೆರಳಿನಿಂದ ತಡವಿ ಎಣಿಸಬೇಕು. ಇದರ ಬಯಲು, ಬೆಟ್ಟ, ಬಿಸಿಲುಗಳನ್ನೆಲ್ಲ ಲೆ ಗ್ವಿನ್ ಪೂರ್ವ ಒರೆಗಾನ್‌ನ ಒಣನಾಡಿನ ಪ್ರವಾಸದಿಂದ ತಂದರು. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವರ ಮಗಳು ಅವರು. ಒಂದು ಆಚರಣೆಯನ್ನು ಒಳಗಿನಿಂದ ಹೇಗೆ ನೋಡಬೇಕೆಂಬುದು ಮನೆಯಲ್ಲೇ ಸಿಕ್ಕ ವಿದ್ಯೆ ಇರಬೇಕು ಎಂಬುದು ನನ್ನ ಊಹೆ.

ನನ್ನ ಪಿಎಚ್.ಡಿ. ಕೆಲಸ ದೇವಾಲಯಗಳ ದತ್ತಿ ಶಾಸನಗಳ ಮೇಲಿದೆ. ದಾನ ಕೊಟ್ಟ ಅರಸನ ಬಿರುದುಗಳು ಸಾಲುಗಟ್ಟಲೆ ಬರುತ್ತವೆ. ಭೂಮಿಯ ಎಲ್ಲೆಗಳು, ದಾನ ಕೆಡಿಸಿದವನಿಗೆ ತಟ್ಟುವ ಪಾಪ, ಎಲ್ಲವೂ ವಿವರವಾಗಿ. ಗುಡಿಯ ಸೇವೆಯಲ್ಲಿದ್ದ ಹೆಣ್ಣುಮಕ್ಕಳ ವಿಷಯ ಬಂದಾಗ ಅವರಿಗೆ ಬಿಟ್ಟ ಭೂಮಿ ಎಷ್ಟು, ಪಡಿ ಎಷ್ಟು ಎಂದು ಮುಗಿಯುತ್ತದೆ. ಎಳೆಯ ವಯಸ್ಸಿನಲ್ಲಿ ಬಂದವರೋ, ತಾಯಿ ಅತ್ತಳೋ, ಕಲ್ಲು ಹೇಳುವುದಿಲ್ಲ. ದೇವದಾಸಿ ಪದ್ಧತಿಗೂ ಅಟುವಾನಿಗೂ ನೇರ ಗಂಟು ಹಾಕುವುದು ತಪ್ಪಾಗುತ್ತದೆ. ಎರಡರ ಸಾಮಾಜಿಕ ವ್ಯವಸ್ಥೆಯೇ ಬೇರೆ. ಆದರೂ ಪಡಿಯ ಲೆಕ್ಕ ಮುಗಿದ ಜಾಗದಲ್ಲಿ ಇತಿಹಾಸಕಾರ ನಿಲ್ಲಲೇಬೇಕು, ಕಾದಂಬರಿಕಾರ್ತಿ ಮುಂದೆ ಹೋಗಬಹುದು ಎಂಬ ಹೊಟ್ಟೆಕಿಚ್ಚು ಈ ಪುಸ್ತಕ ಓದಿದಾಗಲೆಲ್ಲ ನನ್ನಲ್ಲಿ ಏಳುತ್ತದೆ.

ಲೆ ಗ್ವಿನ್ ಟೆನಾರಳನ್ನು ಬರೀ ಬಲಿಪಶುವಾಗಿಸದೆ ಹೋದದ್ದು ನನಗೆ ಇನ್ನೂ ದೊಡ್ಡದು. ದೇವರಾಜ ಕಳಿಸಿದ ಮೂವರು ಕೈದಿಗಳನ್ನು ಅನ್ನ ನೀರಿಲ್ಲದೆ ಸಾಯಬಿಡಿ ಎಂದು ಆಜ್ಞೆ ಕೊಡುವವಳು ಅವಳೇ. ಆಮೇಲೆ ಕನಸಿನಲ್ಲಿ ಅವರಿಗೆ ಅನ್ನ ನೀರು ಹೊತ್ತು ಅಲೆಯುವವಳೂ ಅವಳೇ. ವ್ಯವಸ್ಥೆ ನುಂಗಿದವಳ ಕೈಯಲ್ಲೇ ವ್ಯವಸ್ಥೆಯ ಕತ್ತಿ ಇರುತ್ತದೆ ಎಂಬುದನ್ನು ಹದಿಹರೆಯದ ಓದುಗರಿಗೆ ಇಷ್ಟು ನೇರವಾಗಿ ಹೇಳಿದ ಪುಸ್ತಕಗಳು ಕಡಿಮೆ.

ಆಕ್ಷೇಪ ಹಳೆಯದು, ನ್ಯಾಯವಾದದ್ದು ಕೂಡ: ಹೆಣ್ಣಿನ ಬಿಡುಗಡೆಗೆ ಕೊನೆಗೂ ಒಬ್ಬ ಗಂಡಸು ಬರಬೇಕಾಯಿತೆ? ಕೇಟ್ ಮಿಲೆಟ್ ಅವರ 'ಸೆಕ್ಷುಯಲ್ ಪಾಲಿಟಿಕ್ಸ್' ಬಂದದ್ದು ಈ ಪುಸ್ತಕಕ್ಕೆ ಒಂದೇ ವರ್ಷ ಮುಂಚೆ, 1970ರಲ್ಲಿ. ಪ್ರಶ್ನೆ ಗಾಳಿಯಲ್ಲೇ ಇತ್ತು. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, ತಾನು ಬರೆಯುತ್ತಿದ್ದ ವೀರಕಥೆಯ ಪರಂಪರೆಯೇ ಗಂಡಸರದ್ದು ಎಂಬುದನ್ನು ಲೆ ಗ್ವಿನ್ ತಾವೇ ಬಿಡಿಸಿ ನೋಡಿದರು. ನಾನು ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಗೆಡ್ ಅವಳಿಗೆ ಹೆಸರು ಹಿಂದಿರುಗಿಸುತ್ತಾನೆ, ನಿಜ. ಆದರೆ ಕುಡಿಯುವ ನೀರಿಗೂ ಅವಳನ್ನೇ ನೆಚ್ಚಿದವನು ಅವನು. ಬಾಯಿಪಾಠದ ದಾರಿ ಗೊತ್ತಿದ್ದದ್ದು ಅವಳಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿಸಿಕೊಂಡು ಬಂದ ಮೇಲೆ ಕಡಲ ದಂಡೆಯಲ್ಲಿ ಅವಳು ಚಾಕು ಹಿಡಿದು ಅವನ ಪಕ್ಕ ನಿಲ್ಲುವ ಗಳಿಗೆ ಇದೆಯಲ್ಲ, ಅಲ್ಲಿ ಕೃತಜ್ಞತೆಯ ಸೋಗಿಲ್ಲ. ಕೆಲಸಕ್ಕೆ ಬಾರದ ಕೆಡುಕಿಗೆ ದಾಸಿಯಾಗಿ ಕಳೆದುಹೋದ ವರ್ಷಗಳಿಗಾಗಿ ಅವಳು ಅಳುತ್ತಾಳೆ. ಬಿಡುಗಡೆಯನ್ನು ಹೊರಲಾರದ ಭಾರದಂತೆ ಬರೆದ ಪುಟಗಳು ಅವು.

ಮೂರನೆಯ ಪುಸ್ತಕ 'ದಿ ಫಾರ್ದೆಸ್ಟ್ ಶೋರ್' 1972ರಲ್ಲಿ ಬಂತು, ಮರುವರ್ಷ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದರ ಕತೆಯಲ್ಲಿ ಟೆನಾರ್ ಇಲ್ಲ. ಅವಳು ಮರಳಿದ್ದು 1990ರಲ್ಲಿ, 'ತೆಹಾನು'ವಿನಲ್ಲಿ. ಗೆಡ್‌ನ ಊರಿರುವ ಗಾಂಟ್ ದ್ವೀಪದಲ್ಲಿ ರೈತನೊಬ್ಬನನ್ನು ಮದುವೆಯಾಗಿ, ಇಬ್ಬರು ಮಕ್ಕಳನ್ನು ಬೆಳೆಸಿ, ಗಂಡನನ್ನು ಕಳೆದುಕೊಂಡ ನಡುವಯಸ್ಸಿನವಳಾಗಿ. ಸುತ್ತಲಿನವರು ಅವಳನ್ನು ಗೋಹಾ ಎನ್ನುತ್ತಾರೆ. ಬಲೆ ನೇಯುವ ಒಂದು ಪುಟ್ಟ ಬಿಳಿ ಜೇಡಕ್ಕೆ ಆ ದ್ವೀಪದಲ್ಲಿರುವ ಹೆಸರು ಅದು.