ಹಿರಿಯ ಪ್ರಾಥಮಿಕ ತರಗತಿ: ಪಠ್ಯ, ಪರೀಕ್ಷೆ ಮತ್ತು ಶಿಸ್ತು (ಕರ್ನಾಟಕ)

ಕರ್ನಾಟಕದಲ್ಲಿ ಐದರಿಂದ ಏಳರವರೆಗಿನ ತರಗತಿಗಳನ್ನು ಹಿರಿಯ ಪ್ರಾಥಮಿಕ ಎಂದು ಕರೆಯುವುದು ರೂಢಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯದನ್ನೂ ಈ ಹಂತಕ್ಕೆ ಸೇರಿಸಿತು. ಆದರೂ ರಾಜ್ಯದ ಅನೇಕ ಊರುಗಳಲ್ಲಿ ಎಂಟನೇ ತರಗತಿ ಇಂದಿಗೂ ಹೈಸ್ಕೂಲಿನಲ್ಲೇ ನಡೆಯುತ್ತದೆ. ಹತ್ತರಿಂದ ಹದಿಮೂರರ ಆಸುಪಾಸಿನ ಮಕ್ಕಳ ಈ ಘಟ್ಟದಲ್ಲಿ ಏನು ಕಲಿಸಬೇಕು, ಕಲಿತದ್ದನ್ನು ಹೇಗೆ ಅಳೆಯಬೇಕು, ಮಕ್ಕಳು ಹೇಗೆ ನಡೆದುಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳಿಗೂ ಎರಡು ಶತಮಾನಗಳಿಂದ ಬೇರೆಬೇರೆ ಉತ್ತರಗಳು ಬಂದಿವೆ. ಪುಸ್ತಕ ಬದಲಾದಾಗ ತರಗತಿ ಅಷ್ಟಾಗಿ ಬದಲಾಗಲಿಲ್ಲ. ಮಗುವನ್ನು ಅಳೆಯುವ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ ಬದಲಾಯಿತು.

ಸರ್ಕಾರಿ ಶಾಲೆಗಳಿಗಿಂತ ಮೊದಲು ಇದ್ದದ್ದು ಕೂಲಿಮಠ ಅಥವಾ ಐಗಳ (ಊರ ಮೇಷ್ಟ್ರ) ಮಠ. ಇವುಗಳ ಬಗೆಗೆ ಸಿಗುವ ಅತ್ಯಂತ ವಿವರವಾದ ದಾಖಲೆಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯೂ ಒಂದು. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕ ಕೇಳಿದ್ದ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು; ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು; ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಬರೀ ಅರವತ್ತು.

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನದ ಗಂಜಿ, ಇದ್ದಿಲಪುಡಿ ಬಳಿದಿರುತ್ತಿತ್ತು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬಳಪದಲ್ಲಿ ಬರೆದದ್ದನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಮತ್ತೆ ಬರೆಯಬಹುದಿತ್ತು. ಅಕ್ಷರ, ಕಾಗುಣಿತ, ಮಗ್ಗಿ, ಕಾಲು ಅರೆ ಮುಕ್ಕಾಲಿನ ಲೆಕ್ಕ, ಪತ್ರ ಓದುವುದು, ಪದ್ಯ ಬಾಯಿಪಾಠ: ಇಷ್ಟೇ ಪಠ್ಯ. ಓದುವ ಪದ್ಯದ ಭಾಷೆ ಮಕ್ಕಳ ಮಾತಿನ ಭಾಷೆಯಿಂದ ಬಹುದೂರ. ಅರ್ಥವೇ ಆಗದೆ ಒಪ್ಪಿಸುತ್ತಾರೆ ಎಂದು ಕ್ಯಾಂಬೆಲ್ ಆಕ್ಷೇಪಿಸಿದ. ಎರಡು ಶತಮಾನ ಕಳೆದರೂ ಈ ಆಕ್ಷೇಪ ಹಳತಾಗಿಲ್ಲ.

ಶಿಸ್ತಿನ ವ್ಯವಸ್ಥೆ ಬೆಳಗಿನ ಆರು ಗಂಟೆಗೇ ಶುರು. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುವರು, ಅದು ಮರ್ಯಾದೆ. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಅಲ್ಲಿಂದ ಮುಂದೆ ತಡವಾದಂತೆಲ್ಲ ಒಂದೊಂದು ಹೆಚ್ಚು. ಸೋಮಾರಿಯಾದವನನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದು ಅಥವಾ ಬಿಡುವಿಲ್ಲದೆ ಕೂತು ಎದ್ದು ಮಾಡಿಸುವುದು ನಡೆಯುತ್ತಿತ್ತು. ಮೊದಲನೆಯದು ಕನ್ನಡದಲ್ಲಿ ‘ಕೋದಂಡ’ ಎಂದು ಕುಖ್ಯಾತ. ಎರಡನೆಯದು ಬಸ್ಕಿ. ಕೋದಂಡ ಮರೆಯಾಯಿತು, ಬಸ್ಕಿ ಉಳಿಯಿತು. ಇಲ್ಲಿ ಹುಡುಗನನ್ನು ಅಳೆಯುತ್ತಿದ್ದವರು ಐಗಳು ಮತ್ತು ಅವರಿಗೆ ದವಸವೋ ದುಡ್ಡೋ ಕೊಡುತ್ತಿದ್ದ ಊರಿನವರು. ಪತ್ರ ಓದಲು, ಬಡ್ಡಿ ಲೆಕ್ಕ ಹಾಕಲು ಬಂದರೆ ಅವನ ಓದು ಮುಗಿದಂತೆ. ಪಾಸು, ನಪಾಸು ಎಂಬುದಿರಲಿಲ್ಲ.

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಇಂತಹ ಊರ ಶಾಲೆಗಳ ಪದ್ಧತಿಯನ್ನು ಮದರಾಸಿನಲ್ಲಿ ಅಳವಡಿಸಿಕೊಂಡ ಆಂಡ್ರ್ಯೂ ಬೆಲ್, 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿ ಇಂಗ್ಲೆಂಡಿನಲ್ಲಿ ಹಬ್ಬಿಸಿದ. ಅದಕ್ಕೆ ಅಲ್ಲಿ ‘ಮದರಾಸು ಪದ್ಧತಿ’ ಎಂದೇ ಹೆಸರಾಯಿತು. ಇಂದಿನ ತರಗತಿಯಲ್ಲಿ ಮೇಷ್ಟ್ರು ಇಲ್ಲದಾಗ ಬೋರ್ಡಿನ ಮೂಲೆಯಲ್ಲಿ ‘ಮಾತನಾಡಿದವರು’ ಎಂದು ಬರೆದು ಹೆಸರು ಪಟ್ಟಿ ಮಾಡುವ ಮಾನಿಟರ್ ಈ ವಂಶದ ಕುಡಿಯೇ, ಕಲಿಸುವ ಕೆಲಸ ಹೋಗಿ ಕಾಯುವ ಕೆಲಸ ಮಾತ್ರ ಅವನಿಗೆ ಉಳಿದಿದೆ.

1854ರ ವುಡ್‌ನ ಶಿಕ್ಷಣ ನಿರೂಪದ ನಂತರ ಇಲಾಖೆಗಳು ಹುಟ್ಟಿದವು. ಮೈಸೂರಿನಲ್ಲಿ 1857ರಲ್ಲಿ ಆರಂಭವಾಯಿತು. ಶಾಸನಗಳ ಸಂಪಾದಕರಾಗಿ ಹೆಸರಾದ ಬಿ. ಎಲ್. ರೈಸ್ ಅವರ ಯೋಜನೆಯಂತೆ 1868ರಿಂದ ಹೋಬಳಿಗಳಲ್ಲಿ ಶಾಲೆಗಳು ತೆರೆದವು. ಮುಂಬಯಿ ಕರ್ನಾಟಕದಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆ ಕಟ್ಟಿದ ಕೀರ್ತಿ ಡೆಪ್ಯುಟಿ ಚೆನ್ನಬಸಪ್ಪನವರದು. ಅಳತೆಗೋಲು ಈಗ ಐಗಳ ಕೈ ಬಿಟ್ಟು ಇನ್ಸ್‌ಪೆಕ್ಟರ ಕೈ ಸೇರಿತು. ಮುಂಬಯಿ ಪ್ರಾಂತ್ಯದಲ್ಲಂತೂ ಖಾಸಗಿ ಶಾಲೆಯ ಅನುದಾನ ಮಕ್ಕಳ ಫಲಿತಾಂಶಕ್ಕೆ ಗಂಟುಬಿದ್ದಿತ್ತು. ಸಾಹೇಬರು ಬರುವ ದಿನ ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿ ಸಾರಣೆ, ಮೊದಲೇ ಗಟ್ಟಿಮಾಡಿಸಿದ ಉತ್ತರ. ಇನ್ಸ್‌ಪೆಕ್ಟರರೆಲ್ಲ ಒಂದೇ ತೆರನಲ್ಲ ಎನ್ನುವುದಕ್ಕೆ ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರು ಸಾಕ್ಷಿ. ಶಾಲೆಗಳನ್ನು ತಪಾಸಣೆ ಮಾಡುತ್ತಲೇ ಮಕ್ಕಳು ಬಾಯಿಬಿಟ್ಟು ಹಾಡಬಲ್ಲ ಪದ್ಯ, ಕತೆಗಳನ್ನು ಪಠ್ಯಪುಸ್ತಕದೊಳಕ್ಕೆ ತಂದವರು ಅವರು.

ಏಕೀಕರಣದ ಮುನ್ನ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಪರೀಕ್ಷೆ. ಧಾರವಾಡ, ಬೆಳಗಾವಿ, ಬಿಜಾಪುರಗಳ ಕಡೆ ಏಳನೇ ಇಯತ್ತೆ ಮುಗಿಸಿದವರಿಗೆ ಮುಲ್ಕಿ. ಮೈಸೂರಿನಲ್ಲಿ ಲೋವರ್ ಸೆಕೆಂಡರಿ, ಅಂದರೆ ಎಲ್.ಎಸ್.; ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಎಂಟನೆಯದರ ನಂತರ ಇ.ಎಸ್.ಎಲ್.ಸಿ. ನಿಜಾಮರ ಆಳ್ವಿಕೆಯ ಭಾಗದಲ್ಲಿ ಉರ್ದುವಿನದೇ ಪ್ರಾಬಲ್ಯ. ಮುಲ್ಕಿ ಪಾಸಾದವನು ಕನ್ನಡ ಸಾಲಿಯ ಮಾಸ್ತರನಾಗಬಹುದಿತ್ತು. ಬಡ ರೈತನ ಮಗನಿಗೆ ಅದು ಸಂಬಳದ ಬಾಗಿಲು, ಫೇಲಾದರೆ ಮತ್ತೆ ನೇಗಿಲು. ಹೀಗೆ ಹದಿಮೂರು, ಹದಿನಾಲ್ಕರ ವಯಸ್ಸಿಗೇ ಬದುಕು ನಿರ್ಧಾರವಾಗುತ್ತಿದ್ದುದರಿಂದ ಪೆಟ್ಟು ಕೊಡುವುದಕ್ಕೆ ಮನೆಯವರ ಸಮ್ಮತಿಯೂ ಇರುತ್ತಿತ್ತು. ‘ಛಡಿ ಛಂಛಂ, ವಿದ್ಯಾ ಘಂಘಂ’ ಎಂಬ ಮರಾಠಿ ಮಾತು ಉತ್ತರ ಕರ್ನಾಟಕದಲ್ಲಿ ಗಾದೆಯಂತೆಯೇ ನಡೆಯಿತು. ಸರಿ ಉತ್ತರ ಹೇಳಿದವನಿಂದ ತಪ್ಪು ಹೇಳಿದವನ ಮೂಗು ಹಿಡಿಸಿ ಕಪಾಳಕ್ಕೆ ಹೊಡೆಸುವುದು ರಾಜ್ಯದ ಎಲ್ಲ ಕಡೆಯವರ ನೆನಪಿನಲ್ಲೂ ಇದೆ. ಬೆತ್ತಕ್ಕಿಂತ ಕೆಟ್ಟ ಶಿಕ್ಷೆ ಅದು. ಏಟಿನ ನೋವು ಸಂಜೆಗೆ ಹೋದೀತು, ಗೆಳೆಯನ ಕೈಯಿಂದ ಹೊಡೆಸಿಕೊಂಡ ಅವಮಾನ ಹೋಗುವುದಿಲ್ಲ.

ಅಂಕವೇ ಯೋಗ್ಯತೆಯೇ ಎಂಬ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದ್ದು ಶಿಕ್ಷಣ ಇಲಾಖೆಯಲ್ಲ, ನಾಟಕ ರಂಗ. ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು ಟೊಳ್ಳು, ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಾಧು ಗಟ್ಟಿ. ಗಾಂಧೀಜಿಯ 1937ರ ವಾರ್ಧಾ ಯೋಜನೆ ತಕಲಿ, ತೋಟ, ಕೈಕಸುಬುಗಳನ್ನು ಪಠ್ಯದ ನಡುವಿಗೆ ತರಲು ನೋಡಿತು. ಮೂಲಶಿಕ್ಷಣದ ಶಾಲೆಗಳು ಇಲ್ಲಿಯೂ ನಡೆದವು. ಪರೀಕ್ಷೆಯಲ್ಲಿ ನೂಲಿಗೆ ಬೆಲೆ ಸಿಗಲಿಲ್ಲವಾದ್ದರಿಂದ ತರಗತಿಯಲ್ಲೂ ಸಿಗಲಿಲ್ಲ.

1956ರ ಏಕೀಕರಣದ ನಂತರ ಬೇರೆಬೇರೆ ಪ್ರಾಂತ್ಯಗಳ ಪಠ್ಯಕ್ರಮಗಳನ್ನು ಒಂದುಗೂಡಿಸುವ ಕೆಲಸ ನಡೆದು, ಏಳು ವರ್ಷದ ಪ್ರಾಥಮಿಕ ಶಿಕ್ಷಣ ನೆಲೆಗೊಂಡಿತು. ಮೊದಲ ನಾಲ್ಕು ಕಿರಿಯ, ಮುಂದಿನ ಮೂರು ಹಿರಿಯ. ಕನ್ನಡ ಶಾಲೆಗಳಲ್ಲಿ ಎಬಿಸಿಡಿ ಬಹುಕಾಲ ಐದನೇ ತರಗತಿಯಲ್ಲಿ ಶುರುವಾಗುತ್ತಿತ್ತು; 2007ರಲ್ಲಿ ಒಂದನೆಯದಕ್ಕೇ ಬಂತು. ಕಿರುಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ ಎಂಬ ಸರಣಿ ಮುಗಿದು ಏಪ್ರಿಲ್ 10ರಂದು ಫಲಿತಾಂಶ. ಆ ತಾರೀಖು ಒಂದು ತಲೆಮಾರಿನ ಮಕ್ಕಳಿಗೆ ಹಬ್ಬವೂ ಹೌದು, ಗಂಡಾಂತರವೂ ಹೌದು. ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ ಇತ್ತು. ಮುಂದೆ ಅದು ರದ್ದಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಒಂದರಿಂದ ಮೂರರ ಮಕ್ಕಳಿಗೆ ನೆಲದ ಮೇಲೆ ಗುಂಪಾಗಿ ಕೂತು ತಮ್ಮ ವೇಗದಲ್ಲಿ ಕಲಿಯುವ ಸ್ವಾತಂತ್ರ್ಯ ಕೊಟ್ಟಿತು. ಅದು ಮೇಲಿನ ತರಗತಿಗಳಿಗೆ ಏರಲೇ ಇಲ್ಲ. ಐದನೆಯದಕ್ಕೆ ಬರುವ ಹೊತ್ತಿಗೆ ಮಗು ಮತ್ತೆ ಬೋರ್ಡಿನ ಕಡೆಗೆ ಮುಖ ಮಾಡಿ ಸಾಲಾಗಿ ಕೂರುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮೂರು ಪ್ರಶ್ನೆಗಳಿಗೂ ಒಟ್ಟಿಗೆ ಕೈ ಹಾಕಿತು. 16ನೇ ಸೆಕ್ಷನ್ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದನ್ನು ತಡೆಯಿತು, 17ನೆಯದು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿತು, 29ನೆಯದು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು, 30ನೆಯದು ಎಂಟನೆಯದು ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡವೆಂದಿತು. ಕರ್ನಾಟಕದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಅಂಕದ ಬದಲು ಶ್ರೇಣಿ: 90 ಮತ್ತು ಮೇಲ್ಪಟ್ಟರೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕಿಂತ ಕಡಿಮೆಯಾದರೆ ಸಿ. ನಪಾಸು ಎಂಬುದೇ ಇಲ್ಲ. ಅಳತೆ ಮತ್ತೆ ತರಗತಿಯ ಶಿಕ್ಷಕರ ಕೈಗೆ ಬಂತು, ಜೊತೆಗೆ ದಾಖಲೆಯ ಹೊರೆಯೂ ಬಂತು. ಚಟುವಟಿಕೆ ಮಾಡಿಸಿ ಮಗುವನ್ನು ಗಮನಿಸಬೇಕಾದ ಹೊತ್ತು ಫೈಲು ತುಂಬುವುದರಲ್ಲಿ ಕಳೆಯುತ್ತದೆ ಎಂಬುದು ಶಿಕ್ಷಕರ ಕೊಠಡಿಯ ನಿತ್ಯದ ಮಾತು. ಸಹಪಠ್ಯ ಭಾಗದಲ್ಲಿ ಮೌಲ್ಯ, ಮನೋಭಾವಗಳಿಗೂ ಶ್ರೇಣಿ ಕೊಡಬೇಕು. ಇಡೀ ತರಗತಿಗೆ ಒಂದೇ ಶ್ರೇಣಿ ಇಳಿಸಿಬಿಡುವುದೇ ಹೆಚ್ಚು. ವರ್ಗಾವಣೆ ಪತ್ರದ ‘ನಡತೆ’ ಕಾಲಂನಲ್ಲಿ ‘ಉತ್ತಮ’ ಎಂದು ಬರೆಯುವ ಹಳೆಯ ಅಭ್ಯಾಸವೇ ಇಲ್ಲಿಗೂ ಬಂದಿದೆ.

ಅಳತೆಯ ಈ ಬದಲಾವಣೆಗಿಂತ ಪಠ್ಯಪುಸ್ತಕಗಳ ಜಗಳ ಪತ್ರಿಕೆಗಳಲ್ಲಿ ಹೆಚ್ಚು ಜಾಗ ಪಡೆಯಿತು. ಜಿ. ಎಸ್. ಮುಡಂಬಡಿತ್ತಾಯ ಸಮಿತಿಯ ಕಾಲದ ಪುಸ್ತಕಗಳನ್ನು ಬರಗೂರು ರಾಮಚಂದ್ರಪ್ಪ ಸಮಿತಿ, ಅವುಗಳನ್ನು 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪರಿಷ್ಕರಿಸಿದವು. 2023ರಲ್ಲಿ ಸರ್ಕಾರ ಬದಲಾದಾಗ ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪಾಠಗಳು ಮತ್ತೆ ಬದಲಾದವು.

2019ರ ಕೇಂದ್ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗೆ ವಾರ್ಷಿಕ ಪರೀಕ್ಷೆ ನಡೆಸಲು, ಬೇಕಾದರೆ ಮಕ್ಕಳನ್ನು ಅಲ್ಲೇ ಉಳಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಕರ್ನಾಟಕ ಸರ್ಕಾರ ಯಾರನ್ನೂ ಫೇಲು ಮಾಡುವುದಿಲ್ಲವೆಂದೇ ಹೇಳಿ, ‘ಮೌಲ್ಯಾಂಕನ’ದ ಹೆಸರಿನಲ್ಲಿ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ತಂದಿತು. 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಮಾಡಿದರೂ ವಿಭಾಗೀಯ ಪೀಠದ ಅನುಮತಿಯಿಂದ ಪರೀಕ್ಷೆ ನಡೆಯಿತು. ಮರುವರ್ಷ ಗೊಂದಲ ಇನ್ನೂ ಹೆಚ್ಚು. ಮಾರ್ಚ್ 11ಕ್ಕೆ ಶುರುವಾದ ಪರೀಕ್ಷೆ ಸುಪ್ರೀಂ ಕೋರ್ಟಿನ ಆದೇಶದಿಂದ ನಡುವೆಯೇ ನಿಂತಿತು. ಮಾರ್ಚ್ 22ರ ಹೈಕೋರ್ಟ್ ತೀರ್ಪಿನ ಬಳಿಕ ಮಾರ್ಚ್ 25ಕ್ಕೆ ಮತ್ತೆ ಆರಂಭವಾಯಿತು. ಉತ್ತರಪತ್ರಿಕೆ ತಿದ್ದಿ ಮುಗಿದು ಫಲಿತಾಂಶ ಹೊರಬೀಳುವ ಹೊತ್ತಿಗೆ, 2024ರ ಏಪ್ರಿಲ್ 8ರಂದು, ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪಿಗೆ ತಡೆ ಕೊಟ್ಟು ಆ ಅಂಕಗಳನ್ನು ತಡೆಹಿಡಿಯುವಂತೆ ಆದೇಶಿಸಿತು.