ನೆಲದ ಪೆಟ್ಟು ಹೊರುವ ಕಾಲುಗಳು

ಮಕ್ತಲ್, ನಾರಾಯಣಪೇಟೆ, ಗದ್ವಾಲದ ಕಡೆ ಎತ್ತಿನ ಬಂಡಿ ಹೂಡಿದವರಿಗೆ ಕಡಾಣಿಯ ಬೆಲೆ ಹೇಳಿಕೊಡಬೇಕಿಲ್ಲ. ಅಚ್ಚಿನ ತುದಿಯ ಆ ಪುಟ್ಟ ಕೀಲು ಕಳಚಿದರೆ ಗಾಲಿಯೂ ಕಳಚೀತು. ತಾವೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳೂ ಗಾಲಿ ಕೂರಿಸುವಾಗ ಇಂಥದೇ ಕೀಲನ್ನು ನಂಬುತ್ತಾರೆ. ಅವರ ಬಾಯಲ್ಲಿ ಅದು ಕಾಟರ್ ಪಿನ್.

ರೈಟ್ ಸೋದರರ 1903ರ ವಿಮಾನಕ್ಕೆ ಗಾಲಿಯೇ ಇರಲಿಲ್ಲ. ಹಳಿಯ ಮೇಲಿಂದ ಹಾರಿ, ಜಾರುಪಟ್ಟಿಗಳ ಮೇಲೆ ಇಳಿಯುತ್ತಿತ್ತು. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೇರಿಯೋನ ವಿಮಾನದಲ್ಲಿ ಪೆಟ್ಟನ್ನು ರಬ್ಬರ್ ನುಂಗುತ್ತಿತ್ತು. ಅಡ್ಡಗಾಳಿಯಲ್ಲಿ ಓರೆಯಾಗಿ ಇಳಿದರೂ ಗಾಲಿಗಳು ಓಟದ ದಿಕ್ಕಿಗೆ ತಾವೇ ತಿರುಗಿಕೊಳ್ಳುತ್ತಿದ್ದವು. ಆ ಜಾಣ್ಮೆ ಇಂದಿಗೂ ನನಗೆ ಬೆರಗು. ರಬ್ಬರ್ ಹಗ್ಗ ಬಹುಕಾಲ ಉಳಿಯಿತು, ಆದರೆ ಅದು ಮುಪ್ಪಾಗುವ ವಸ್ತು. ಆಮೇಲೆ ಅಮೆರಿಕದ ಸ್ಟೀವ್ ವಿಟ್ಮನ್ ಸ್ಪ್ರಿಂಗ್ ಉಕ್ಕಿನ ಒಂಟಿ ಪಟ್ಟಿಯನ್ನೇ ಕಾಲಾಗಿಸಿದರು. ಎರಡನೆಯ ಮಹಾಯುದ್ಧ ಮುಗಿದೊಡನೆ ಬಂದ ಸೆಸ್ನಾ 140 ಅದನ್ನು ಮನೆಮಾತಾಗಿಸಿತು. ಕೀಲಿಲ್ಲ, ಎಣ್ಣೆಯಿಲ್ಲ, ಸ್ವತಃ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಆಗಿಲ್ಲವೆಂದೇ ನನ್ನ ಎಣಿಕೆ.

ನಮ್ಮ ಬೆಂಗಳೂರಿನಲ್ಲಿ ವಿಮಾನ ವಿನ್ಯಾಸಕ ಘಾಟಗೆಯವರು ರೂಪಿಸಿದ, 1951ರಲ್ಲಿ ಹಾರಿದ ಎಚ್‌ಟಿ-2, 1958ರ ಪುಷ್ಪಕ್ ಎರಡೂ ಬಾಲಗಾಲಿಯವು. ಇಂಥವುಗಳಲ್ಲಿ ಭಾರದ ಕೇಂದ್ರ ಮುಖ್ಯ ಗಾಲಿಗಳ ಹಿಂದಿರುತ್ತದೆ. ಓಟದಲ್ಲಿ ಮೂತಿ ತುಸು ಹೊರಳಿದರೆ ಹಿಂಭಾರ ಅದನ್ನು ಇನ್ನಷ್ಟು ಹೊರಳಿಸುತ್ತದೆ. ಮೂಗಿನಡಿ ಗಾಲಿಯಿದ್ದರೆ ಭಾರ ಮುಂದಕ್ಕೆ ಬಂದು ವಿಮಾನ ತಾನೇ ನೆಟ್ಟಗಾಗುತ್ತದೆ. ಸರ್ಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಹಂಸ ವಿಮಾನ ಈ ದಾರಿ ಹಿಡಿಯಿತು. ಅದಕ್ಕೂ ಮುನ್ನ, 1987ರಲ್ಲಿ, ಎನ್‌ಎಎಲ್ ಹಾರಿಸಿದ ಪುಟ್ಟ ಕೆನಾರ್ಡ್ (ಮೂತಿಯ ಬಳಿ ಕಿರುರೆಕ್ಕೆಯ) ವಿಮಾನಕ್ಕೆ ಬರ್ಟ್ ರುಟಾನ್‌ರ ಲಾಂಗ್-ಈಜಿ ಆಧಾರ. ಹವ್ಯಾಸಿಗಳು ನಕ್ಷೆ ಕೊಂಡು ಮನೆಯಲ್ಲೇ ಕಟ್ಟುತ್ತಿದ್ದ ವಿಮಾನ ಹೀಗೆ ಸರ್ಕಾರಿ ಪ್ರಯೋಗಾಲಯಕ್ಕೆ ಪಾಠವಾಯಿತು. ಲಾಂಗ್-ಈಜಿಯ ಮುಖ್ಯ ಕಾಲು ಬಿಲ್ಲಿನಂತೆ ಬಾಗಿದ ಒಂದೇ ಫೈಬರ್‌ಗ್ಲಾಸ್ ತುಂಡು. ಬ್ರೇಕಿನ ಕಾವಿಗೆ ಅದು ಮೆದುವಾಗಬಹುದೆಂದು ಕಟ್ಟುವವರು ತಾಪ ತಡೆಯುವ ಹೊದಿಕೆ ಸುತ್ತುತ್ತಾರೆ. ಬೆಂಗಳೂರಿನದೇ ರಾಜಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳಂತೂ ಹೊರದೇಶಗಳ ಶೆಡ್ಡುಗಳಲ್ಲಿ ಬಿಡಿಭಾಗಗಳಾಗಿ ಇಳಿದು ವಿಮಾನಗಳಾಗಿ ಎದ್ದಿವೆ.

ಕಾಲು ಯಾವುದಾದರೇನು, ಜೋಡಿಸುವವನ ನಿಜವಾದ ಕಷ್ಟ ನೇರ್ಪಿನದು. ಒಡಲನ್ನು ಮಟ್ಟಸ ನಿಲ್ಲಿಸಿ, ಗುಂಡು ಇಳಿಬಿಟ್ಟು ನಡುಗೆರೆಯನ್ನು ನೆಲದ ಮೇಲೆ ಬರೆದುಕೊಳ್ಳಬೇಕು. ಆ ಗೆರೆಗೆ ಎರಡೂ ಗಾಲಿಗಳನ್ನು ಹೋಲಿಸಿ, ಅಚ್ಚಿನ ಬುಡಕ್ಕೆ ಓರೆ ಬಿಲ್ಲೆ ಕೊಟ್ಟು ಸರಿಪಡಿಸುತ್ತಾರೆ. ಆದರೆ ಸ್ಪ್ರಿಂಗ್ ಕಾಲು ಭಾರ ಬಿದ್ದೊಡನೆ ಅಗಲವಾಗುತ್ತದೆ. ನೆಲದ ಹಿಡಿತಕ್ಕೆ ಸಿಕ್ಕ ಟೈರು ಹಾಗೆ ಹರಡಗೊಡದೆ ಅಳತೆಯನ್ನು ಸುಳ್ಳಾಗಿಸುತ್ತದೆ. ಅದಕ್ಕೇ ಗಾಲಿಗಳ ಕೆಳಗೆ ಗ್ರೀಸ್ ಸವರಿದ ಜೋಡಿ ತಗಡು ಇಡುತ್ತಾರೆ. ಕಾಲು ತನ್ನಿಷ್ಟದಂತೆ ಜಾರಿ ನಿಂತ ಮೇಲೆಯೇ ಅಳೆಯುವುದು. ಈ ತಾಳ್ಮೆಯಿಲ್ಲದವನ ಟೈರು ಒಂದೇ ಮಗ್ಗುಲು ಸವೆಯುತ್ತದೆ, ವಿಮಾನ ಓಟದಲ್ಲಿ ಪಕ್ಕಕ್ಕೆಳೆಯುತ್ತದೆ.

ಅಚ್ಚಿನ ನಟ್ಟನ್ನು ಗಾಲಿ ತುಸು ಬಿಗಿಯಾಗಿ ತಿರುಗುವವರೆಗೆ ತಿರುಪಿ, ಹತ್ತಿರದ ಕಚ್ಚಿಗೆ ಸಡಿಲಿಸಿ, ಪಿನ್ ತೂರಿಸಿ ಬಾಗಿಸುತ್ತಾರೆ. ಮೊದಲ ಕೆಲವು ಇಳಿಕೆಗಳಾದ ಮೇಲೆ ಕಾಲಿನ ಬುಡದ ಬೋಲ್ಟುಗಳನ್ನು ಮತ್ತೆ ನೋಡಬೇಕು. ಬಿಗಿದ ದಿನ ನಟ್ಟಿನಿಂದ ಒಡಲಿನವರೆಗೆ ಎಳೆದ ಬಣ್ಣದ ಗೆರೆ ಬಿರುಕು ಬಿಟ್ಟಿದ್ದರೆ ನಟ್ಟು ತಿರುಗಿದೆ. ಆ ದಿನ ಹಾರಾಟವಿಲ್ಲ.